ಇಪ್ಪತ್ತಕ್ಕೂ ಮೂವತ್ತೈದಕ್ಕೂ ನಡುವೆ

ಅಕ್ಕ ಮಗ್ಗದವರ ಕಡೆ, ತಮ್ಮ ಗಿರಣಿ ಧಣಿಗಳ ಕಡೆ. ನಡುವೆ ಉಪವಾಸ ಕೂತವರು ಗಾಂಧಿ. 1918ರ ಮಾರ್ಚಿನ ಆ ಜಗ್ಗಾಟದಿಂದ ಅಹಮದಾಬಾದಿನಲ್ಲಿ ಸಂಬಳದ ಮಾತುಕತೆಗೆ ಒಂದು ಮೇಜು ಸಿಕ್ಕಿತು. ಅದರ ಸುತ್ತ ಯಾರಿಗೆ ಕುರ್ಚಿ ಉಂಟು, ಯಾರಿಗಿಲ್ಲ ಎಂಬ ತಕರಾರು ಹೊಸ ಕಾರ್ಮಿಕ ಸಂಹಿತೆ ಬಂದ ಮೇಲೆ ಮತ್ತೆ ಎದ್ದಿದೆ.

ಸಬರಮತಿಯ ಪಾತ್ರದಿಂದ ಮರಳು ಮೇಲೆ ಬರುತ್ತಿತ್ತು. ತಲೆ ಮೇಲೆ ಬುಟ್ಟಿ ಹೊತ್ತ ಜನರ ಸಾಲು ನದಿಯ ತಗ್ಗಿನಿಂದ ಹೊರಟು ಆಶ್ರಮದ ಕಡೆಗೆ ಹರಿಯುತ್ತಿತ್ತು. ಹೊತ್ತವರೆಲ್ಲ ಗಿರಣಿ ನೇಕಾರರು. ಮಗ್ಗ ನಿಂತು ವಾರಗಳೇ ಆಗಿದ್ದವು, ಕೈಯಲ್ಲಿ ಕಾಸಿರಲಿಲ್ಲ. ಆಶ್ರಮದ ನೇಯ್ಗೆ ಶಾಲೆಯ ಅಡಿಪಾಯಕ್ಕೆ ಮರಳು ತುಂಬುವುದಿತ್ತು. ಆ ಕೂಲಿಯನ್ನು ಇವರಿಗೇ ಕೊಡೋಣ ಎಂದವರು ಆಶ್ರಮದ ಮಗನಲಾಲ್ ಗಾಂಧಿ.

ಸಾಲಿನ ಮುಂದೆ ಬುಟ್ಟಿ ಹೊತ್ತು ನಡೆದವರು ಅನಸೂಯಾ ಸಾರಾಭಾಯಿ. ಗಿರಣಿ ಮಾಲೀಕರ ಬಣದ ಮುಂದಾಳು ಅಂಬಾಲಾಲ್ ಸಾರಾಭಾಯಿ ಅವರ ಸ್ವಂತ ತಮ್ಮ. ಗಿರಣಿಗಳ ಬಾಗಿಲು ಹಾಕಿಸಿದ ಗುಂಪಿನ ನಾಯಕ ಅವರೇ.

ಭಾರತದಲ್ಲಿ ಕಾರ್ಖಾನೆ ಆಡಳಿತ ಮತ್ತು ಕೆಲಸಗಾರರ ನಡುವಿನ ಚೌಕಾಸಿಯ ಚರಿತ್ರೆ ಬರೆಯಹೊರಟವರು ಬಹುತೇಕ ಇಲ್ಲಿಂದಲೇ ಶುರುಮಾಡುತ್ತಾರೆ. ಶುರುಮಾಡಬೇಕಾದ್ದೇ. ಆದರೆ ಆ ಕತೆಯನ್ನು ಗಾಂಧಿಯ ಉಪವಾಸಕ್ಕೆ ಮುಗಿಸಿಬಿಡುವ ರೂಢಿಯಿದೆ. ನಿಜವಾದ ತಮಾಷೆ ಇರುವುದು ಆಮೇಲೆ.

ಪ್ಲೇಗು ಕೊಟ್ಟ ಬೋನಸ್

1917ರ ಮಳೆಗಾಲದಲ್ಲಿ ಊರಿಗೆ ಪ್ಲೇಗು ಬಂತು. ಜನ ಊರು ಬಿಟ್ಟು ಓಡತೊಡಗಿದರು. ಯುದ್ಧದ ಕಾಲ, ಬಟ್ಟೆಗೆ ಚಿನ್ನದ ಬೆಲೆ. ಮಗ್ಗ ನಿಂತರೆ ಲಾಭ ನಿಂತಂತೆ. ಧಣಿಗಳು ನೇಯ್ಗೆ ವಿಭಾಗದವರಿಗೆ 'ಪ್ಲೇಗ್ ಬೋನಸ್' ಘೋಷಿಸಿದರು. ಕೆಲವರಿಗೆ ಅದು ಸಂಬಳದ ಶೇ 70–80ರವರೆಗೂ ಮುಟ್ಟಿತು. ಸಾವಿನ ಭಯಕ್ಕೆ ಕಟ್ಟಿದ ಬೆಲೆ ಅದು, ಬೇರೆ ಹೆಸರು ಬೇಕಿಲ್ಲ.

ಪ್ಲೇಗು ಹೋಯಿತು, ತುಟ್ಟಿ ಹೋಗಲಿಲ್ಲ. ಬೋನಸ್ ನಿಲ್ಲಿಸುತ್ತೇವೆ ಎಂದು 1918ರ ಜನವರಿಯಲ್ಲಿ ಧಣಿಗಳು ಸಾರಿದರು. ನೇಕಾರರು ಅದರ ಬದಲು ಶೇ 50ರಷ್ಟು ತುಟ್ಟಿಭತ್ಯೆ ಕೇಳಿದರು. ಧಣಿಗಳು 20 ಎಂದರು.

ಮೊದಲು ಪಂಚಾಯ್ತಿಯೇ ಸೇರಿತ್ತು. ಕಾರ್ಮಿಕರ ಪರ ಗಾಂಧಿ, ವಲ್ಲಭಭಾಯಿ ಪಟೇಲ್, ಶಂಕರಲಾಲ್ ಬ್ಯಾಂಕರ್. ಮಾಲೀಕರ ಕಡೆಯಿಂದ ಅಂಬಾಲಾಲ್ ಸೇರಿ ಮೂವರು. ಸರಪಂಚರ ಸ್ಥಾನದಲ್ಲಿ ಜಿಲ್ಲಾಧಿಕಾರಿ. ಅಷ್ಟರಲ್ಲಿ ಕೆಲವು ಗಿರಣಿಗಳಲ್ಲಿ ಕಾರ್ಮಿಕರು ತಾಳ್ಮೆಗೆಟ್ಟು ಕೆಲಸ ನಿಲ್ಲಿಸಿದರು. ಗಾಂಧಿ ತಪ್ಪಾಯಿತೆಂದರೂ ಮಾಲೀಕರು ಪಂಚಾಯ್ತಿ ಮುರಿದರು. ಫೆಬ್ರುವರಿ 22ರಂದು ಲಾಕ್‌ಔಟ್.

ಗಾಂಧಿ ಕಡೆಯವರು ಮುಂಬೈಯ ಕೂಲಿ, ಊರಿನ ದಿನಸಿ ದರ, ಗಿರಣಿಯ ಲಾಭ ಎಲ್ಲವನ್ನೂ ತಾಳೆ ಹಾಕಿ ಒಂದು ಅಂಕಿಗೆ ಬಂದರು: 35. ಐವತ್ತು ಕೇಳುತ್ತಿದ್ದವರನ್ನು ಮೂವತ್ತೈದಕ್ಕೆ ಒಪ್ಪಿಸಿದ್ದೂ ಒಂದು ಚೌಕಾಸಿಯೇ. ಒಪ್ಪಿದ ಮೇಲೆ ಮಾತ್ರ ಅದು ಆಣೆಯಾಯಿತು. 35 ಸಿಗುವ ತನಕ ಮಗ್ಗ ಮುಟ್ಟುವುದಿಲ್ಲ, ದೊಂಬಿ ಮಾಡುವುದಿಲ್ಲ, ಕಳವು ಮಾಡುವುದಿಲ್ಲ.

ಶಾಹಪುರ ದ್ವಾರದ ಹೊರಗೆ, ನದಿ ದಂಡೆಯಲ್ಲಿ ಒಂದು ಜಾಲಿಮರವಿತ್ತು. ದಿನಾ ಸಂಜೆ ಅಲ್ಲಿ ಸಭೆ. ಅನಸೂಯಾ ಹೆಸರಿನಲ್ಲಿ ಅಚ್ಚಾದ ಕರಪತ್ರ ಓದುವುದು, ಹಾಡು, ಭಾಷಣ, ಮತ್ತೆ ಆಣೆ. ಚಂದಾ ಎತ್ತಿ ಮುಷ್ಕರ ನಡೆಸುವುದಕ್ಕೆ ಗಾಂಧಿ ಒಪ್ಪಲಿಲ್ಲ. ದುಡ್ಡಿಲ್ಲದಿದ್ದರೆ ಬೇರೆ ಕೂಲಿ ಮಾಡಿ ಎಂದರು. ಆ ಮಾತಿನ ಫಲವೇ ಮರಳಿನ ಬುಟ್ಟಿ.

[ಮೋಟಾಬೆನ್]
*ಅನಸೂಯಾ ಹುಟ್ಟಿದ್ದು 1885ರ ನವೆಂಬರ್ 11ರಂದು. ಬಾಲ್ಯದಲ್ಲೇ ತಂದೆತಾಯಿ ಇಲ್ಲವಾದರು. ಬಾಲ್ಯವಿವಾಹ, ಅದರಿಂದ ಹೊರಬಂದ ಧೈರ್ಯ, 1912ರಲ್ಲಿ ಇಂಗ್ಲೆಂಡು. ವೈದ್ಯಕೀಯ ಓದಲು ಹೋದವರು ಪ್ರಾಣಿ ಕೊಯ್ಯಲಾರದೆ ಅದನ್ನು ಬಿಟ್ಟರು. ವಾಪಸು ಬಂದ ಮೇಲೆ 36 ಗಂಟೆ ಸತತ ದುಡಿದು ಜೀವಚ್ಛವದಂತೆ ಮನೆಗೆ ಹೊರಟಿದ್ದ ಗಿರಣಿ ಹೆಣ್ಣುಮಕ್ಕಳನ್ನು ಕಂಡದ್ದು ಅವರ ದಾರಿ ಬದಲಿಸಿತು. 1917ರ ಡಿಸೆಂಬರಿನಲ್ಲಿ, ಗಾಂಧಿ ಕಣಕ್ಕಿಳಿಯುವ ಮೊದಲೇ, ಹಾಸು ವಿಭಾಗದ ಕಾರ್ಮಿಕರ ಮುಷ್ಕರಕ್ಕೆ ಅನಸೂಯಾ ಮುಂದಾಳಾಗಿದ್ದರು. ಕಾರ್ಮಿಕರ ಬಾಯಲ್ಲಿ ಅವರು ಮೋಟಾಬೆನ್, ದೊಡ್ಡಕ್ಕ. ತೀರಿಕೊಂಡದ್ದು 1972ರಲ್ಲಿ.*

ಕಾರಿನಲ್ಲಿ ಬರುವವರು

ಮಾರ್ಚ್ 12ರಂದು ಧಣಿಗಳು ಜಾಣ ಹೆಜ್ಜೆ ಇಟ್ಟರು. ಲಾಕ್‌ಔಟ್ ತೆರವು, ಶೇ 20ಕ್ಕೆ ಒಪ್ಪುವವರು ಬರಬಹುದು. ಅಲ್ಲಿಗೆ ಮಾಲೀಕರು ಹಾಕಿದ ಬೀಗ ಹೋಗಿ ಕಾರ್ಮಿಕರ ಮುಷ್ಕರವಾಯಿತು. ಹಸಿದವರು ಒಬ್ಬೊಬ್ಬರಾಗಿ ಗೇಟಿನ ಕಡೆ ನೋಡತೊಡಗಿದರು.

ಗಾಂಧಿಯ ಬಳಗದ ಛಗನಲಾಲ್ ಕಾರ್ಮಿಕರ ಚಾಳಿಗೆ ಹೋಗಿ ಬೆಳಗಿನ ಸಭೆಗೆ ಬನ್ನಿ ಎಂದಾಗ ಸಿಕ್ಕ ಉತ್ತರ ಖಾರವಾಗಿತ್ತು. ಗಾಂಧೀಜಿಗೂ ಅನಸೂಯಾಬೆನ್‌ಗೂ ಏನು ಕಷ್ಟ, ಕಾರಿನಲ್ಲಿ ಬರುತ್ತಾರೆ, ಕಾರಿನಲ್ಲಿ ಹೋಗುತ್ತಾರೆ, ಹೊಟ್ಟೆತುಂಬ ಉಣ್ಣುತ್ತಾರೆ, ಸಾಯುವವರು ನಾವು ಎಂಬ ಧಾಟಿ. ಗಾಂಧಿಯ ಕಾರ್ಯದರ್ಶಿ ಮಹಾದೇವ ದೇಸಾಯಿ ಇದನ್ನು ಮುಚ್ಚಿಡದೆ ಬರೆದಿಟ್ಟಿದ್ದಾರೆ. ನನಗೆ ಈ ಇಡೀ ಪ್ರಕರಣದ ಅತಿ ಮುಖ್ಯ ಮಾತು ಇದೇ ಎನಿಸುತ್ತದೆ. ನಿಮ್ಮ ಪರವಾಗಿ ಮಾತಾಡುವವರು ನಿಮ್ಮಷ್ಟೇ ಕಳೆದುಕೊಳ್ಳುತ್ತಿದ್ದಾರೆಯೇ ಎಂದು ಹೆಸರಿಲ್ಲದ ಒಬ್ಬ ನೇಕಾರ ಕೇಳಿಬಿಟ್ಟಿದ್ದ.

ಗಾಂಧಿಯ ಉತ್ತರ ಮಾರ್ಚ್ 15ರ ಉಪವಾಸ. ಮಾಲೀಕರು ಅವರಿಗೆ ಸ್ನೇಹಿತರು, ಅಂಬಾಲಾಲ್ ಅಂತೂ, ಆಶ್ರಮವು ಅಸ್ಪೃಶ್ಯ ಕುಟುಂಬವನ್ನು ಸೇರಿಸಿಕೊಂಡದ್ದಕ್ಕೆ ದೇಣಿಗೆ ನಿಂತುಹೋಗಿದ್ದಾಗ 13,000 ರೂಪಾಯಿ ಕೈಗಿಟ್ಟು ಹೆಸರು ಹೇಳದೆ ಹೋದವರು ಎಂಬ ಪ್ರತೀತಿಯಿದೆ. ಅಂಥವರ ಮೇಲೆ ಉಪವಾಸದ ಒತ್ತಡ ಬಿದ್ದದ್ದು ದೋಷವೇ ಎಂದು ಗಾಂಧಿಯೇ ಮುಂದೆ ಆತ್ಮಕಥೆಯಲ್ಲಿ ಬರೆದರು. ಅಂಬಾಲಾಲ್ ವಾದವೂ ಸರಳವಾಗಿತ್ತು: ಮಾಲೀಕ–ಕಾರ್ಮಿಕರ ಸಂಬಂಧ ಅಪ್ಪ–ಮಕ್ಕಳದು, ನಡುವೆ ಮೂರನೆಯವರಿಗೇನು ಕೆಲಸ? ಇಂದಿಗೂ 'ನಾವೆಲ್ಲ ಒಂದೇ ಕುಟುಂಬ' ಎನ್ನುವ ಕಂಪನಿಗಳಲ್ಲಿ ಯೂನಿಯನ್ ಹೆಸರೆತ್ತಿ ನೋಡಿ, ಅದೇ ಮಾತು ಕೇಳಿಸುತ್ತದೆ.

ನಾಲ್ಕನೇ ದಿನ, ಮಾರ್ಚ್ 18ಕ್ಕೆ ರಾಜಿ.

[ಮೂರು ದಿನ, ಮೂರು ದರ]
*ಮೊದಲ ದಿನ ಶೇ 35: ಕಾರ್ಮಿಕರ ಆಣೆ ಉಳಿಯಿತು.*
*ಎರಡನೇ ದಿನ ಶೇ 20: ಮಾಲೀಕರ ಹಟ ಉಳಿಯಿತು.*
*ಮೂರನೇ ದಿನದಿಂದ ಶೇ 27.5: ಎರಡರ ಸರಿಮಧ್ಯ, ಪಂಚರ ತೀರ್ಪು ಬರುವ ತನಕ.*
*ಪಂಚರಾಗಿ ಕೂತವರು ವಿದ್ವಾಂಸ ಆನಂದಶಂಕರ ಧ್ರುವ. ಆಗಸ್ಟಿನಲ್ಲಿ ಅವರ ತೀರ್ಪು ಬಂತು: ಶೇ 35.*

ರಾಜಿಯ ಸಂತೋಷಕ್ಕೆ ಧಣಿಗಳು ಅದೇ ಜಾಲಿಮರದಡಿ ಸಿಹಿ ಹಂಚಲು ಹೊರಟರು. ಮೂರು ವಾರ ಆಣೆ ಹಿಡಿದು ಶಿಸ್ತಿನಲ್ಲಿ ಕೂತಿದ್ದ ಜಾಗ ಅದು. ಊರಿನ ಭಿಕ್ಷುಕರೆಲ್ಲ ನುಗ್ಗಿ, ಸಾಲು ಮುರಿದು, ಮಿಠಾಯಿ ಮಣ್ಣುಪಾಲಾಗಿ, ಕೊನೆಗೆ ಉಳಿದದ್ದನ್ನು ಅಂಬಾಲಾಲರ ಬಂಗಲೆಯಲ್ಲಿ ಹಂಚಬೇಕಾಯಿತು. ಚರಿತ್ರೆ ಪುಸ್ತಕಗಳು ಈ ಮಿಠಾಯಿ ಪ್ರಸಂಗವನ್ನು ಬಿಟ್ಟುಬಿಡುತ್ತವೆ. ಗಾಂಧಿ ಬಿಟ್ಟಿಲ್ಲ.

ದೂರಿನಿಂದ ಪಂಚರ ತನಕ

1920ರ ಫೆಬ್ರುವರಿಯಲ್ಲಿ ಗಿರಣಿ ಕಾರ್ಮಿಕರ ಮಜೂರ್ ಮಹಾಜನ ಸಂಘ ಹುಟ್ಟಿತು. ಅದೇ ವರ್ಷ ಕಾಯಂ ಪಂಚಮಂಡಲಿ: ಕಾರ್ಮಿಕರ ಪರ ಗಾಂಧಿ, ಮಾಲೀಕರ ಪರ ಸೇಠ್ ಮಂಗಳದಾಸ್ ಗಿರಿಧರದಾಸ್. ಇಬ್ಬರೂ ಒಪ್ಪದಿದ್ದರೆ ಮೂರನೆಯ ಸರಪಂಚ.

ಕೆಲಸದ ವಿಧಾನ ಅಚ್ಚುಕಟ್ಟಾಗಿತ್ತು. ಪ್ರತಿ ಗಿರಣಿಯ ಪ್ರತಿ ಖಾತೆಯಿಂದ ಕಾರ್ಮಿಕರೇ ಆರಿಸಿದ ಪ್ರತಿನಿಧಿ. ಯಂತ್ರ ಕೆಟ್ಟಿದೆ, ದಂಡ ಹಾಕಿದ್ದಾರೆ, ನೂಲು ಕಳಪೆ ಬಂದು ಪದೇ ಪದೇ ಕಡಿಯುತ್ತಿದೆ, ಮುಕಾದಮ್ (ಮೇಸ್ತ್ರಿ) ಲಂಚ ಕೇಳುತ್ತಾನೆ – ಇಂಥ ದೂರುಗಳೆಲ್ಲ ಸಂಘದ ಕಚೇರಿಯಲ್ಲಿ ದಾಖಲು. ಸಂಘದ ಇನ್‌ಸ್ಪೆಕ್ಟರ್ ಗಿರಣಿಗೇ ಹೋಗಿ ಮ್ಯಾನೇಜರನ ಜೊತೆ ಮಾತಾಡುವುದು. ಅಲ್ಲಿ ಬಗೆಹರಿಯದಿದ್ದರೆ ಸಂಘದ ಕಾರ್ಯದರ್ಶಿ ಮತ್ತು ಗಿರಣಿ ಮಾಲೀಕರ ಸಂಘದ ನಡುವೆ. ಅಲ್ಲೂ ಆಗದಿದ್ದರೆ ಪಂಚರು. ಇಷ್ಟೆಲ್ಲ ಮೆಟ್ಟಿಲು ಹತ್ತಿ ಇಳಿದ ಮೇಲೆಯೇ ಮುಷ್ಕರ.

ಆ ಕಾರ್ಯದರ್ಶಿಗಳಲ್ಲಿ ಗುಲ್ಜಾರಿಲಾಲ್ ನಂದಾ ಒಬ್ಬರು. ಎರಡು ಸಲ ಹಂಗಾಮಿ ಪ್ರಧಾನಿಯಾದ ಅದೇ ನಂದಾ, 1922ರಿಂದ 1946ರ ತನಕ ಈ ಕಚೇರಿಯಲ್ಲೇ ಇದ್ದವರು.

ಎಲ್ಲವೂ ಸುಸೂತ್ರವಾಗಿತ್ತು ಎಂದರೆ ಸುಳ್ಳು. 1923ರಲ್ಲಿ ಮಾಲೀಕರು ಕೂಲಿಯ ಐದನೇ ಒಂದು ಭಾಗ ಕಡಿತಕ್ಕೆ ಹೊರಟು ದೊಡ್ಡ ಮುಷ್ಕರವೇ ಆಯಿತು, ಕಾರ್ಮಿಕರು ಸೋತರು. 1936ರಲ್ಲಿ ಮತ್ತೆ ಕೂಲಿ ಕಡಿತದ ತಕರಾರು. ಈ ಸಲ ಗಾಂಧಿಯ ಎದುರು ಪಂಚರಾಗಿ ಕೂತವರು ಕಸ್ತೂರಭಾಯಿ ಲಾಲಭಾಯಿ. ಅವರಿಬ್ಬರೂ ಒಮ್ಮತಕ್ಕೆ ಬರಲಿಲ್ಲ. ಸರಪಂಚರಾಗಿ ಸರ್ ಗೋವಿಂದರಾವ್ ಮಡಗಾಂವ್ಕರ್ ಬರಬೇಕಾಯಿತು.

ಇನ್ನೊಂದು ಬಿರುಕು ಒಳಗಿನದು. ನೇಯ್ಗೆ ಖಾತೆಯಲ್ಲಿ ಮುಸ್ಲಿಮರು ಮತ್ತು ಪಟೇಲರು, ನೂಲುವ ಖಾತೆಯಲ್ಲಿ ದಲಿತರು. 1918ರಲ್ಲಿ ಆಣೆ ಮಾಡಿದವರು ನೇಕಾರರಾದರೆ, ಸಂಘದ ಬೆನ್ನೆಲುಬಾದವರು ನೂಲುವವರು. 1930ರ ದಶಕದಲ್ಲಿ ಬಹಳಷ್ಟು ನೇಕಾರರು ಕೆಂಬಾವುಟದ ಮಿಲ್ ಕಾಮದಾರ್ ಯೂನಿಯನ್ ಕಡೆ ಹೋದರು. ನಮ್ಮ ಪರ ಬೇರೆಯವರು ಮಾತಾಡುತ್ತಾರೆ ಎಂಬ ಚಾಳಿನ ಆ ಹಳೇ ಗೊಣಗು ಸತ್ತಿರಲಿಲ್ಲ.

1946ರ ಬಾಂಬೆ ಕೈಗಾರಿಕಾ ಬಾಂಧವ್ಯ ಕಾಯ್ದೆ ಅಹಮದಾಬಾದಿನ ರೂಢಿಗೆ ಕಾನೂನಿನ ಮೊಹರು ಒತ್ತಿತು. ಒಂದು ಊರು, ಒಂದು ಉದ್ದಿಮೆ, ಮಾತಾಡಲು ಒಂದೇ 'ಪ್ರಾತಿನಿಧಿಕ ಯೂನಿಯನ್'. ಅಹಮದಾಬಾದಿನಲ್ಲಿ ಅದು ಅಳತೆಗೆ ಹೊಲಿದ ಅಂಗಿಯಾಗಿತ್ತು. ಮುಂಬೈಯಲ್ಲಿ ಅದೇ ಕಾಯ್ದೆ ಕುತ್ತಿಗೆ ಬಿಗಿಯಿತು. 1982ರ ಮುಷ್ಕರದಲ್ಲಿ ಕಾರ್ಮಿಕ ನಾಯಕ ದತ್ತಾ ಸಾಮಂತರ ಹಿಂದೆ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ನಿಂತರೂ ಮಾತುಕತೆಯ ಹಕ್ಕು ಕಾಗದದ ಮೇಲೆ ಇನ್ನೊಂದು ಯೂನಿಯನ್ನಿನದ್ದೇ ಆಗಿ ಉಳಿಯಿತು. ಮುಷ್ಕರ ಸೋತಿತು.

224 ಮಗ್ಗಗಳ ನಡುವೆ

ಪಂಚರ ಮೇಜು ನಗರದ ಮಧ್ಯೆ ಇತ್ತು, ಮಗ್ಗ ಗಿರಣಿಯೊಳಗೆ. ಇವೆರಡರ ದೂರವನ್ನು ಅಳೆದುಕೊಟ್ಟ ಒಂದು ಪ್ರಯೋಗ ಸಾರಾಭಾಯಿಗಳದೇ ಕ್ಯಾಲಿಕೊ ಮಿಲ್ಲಿನಲ್ಲಿ 1953ರಲ್ಲಿ ನಡೆಯಿತು. ಆಗ ಮಿಲ್ಲಿನ ಚುಕ್ಕಾಣಿ ಅಂಬಾಲಾಲರ ಮಗ ಗೌತಮ್ ಸಾರಾಭಾಯಿ ಕೈಯಲ್ಲಿತ್ತು. ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯ ಎ.ಕೆ. ರೈಸ್ ಸಲಹೆಗಾರರಾಗಿ ಬಂದಿದ್ದರು.

ಹೊಸ ಸ್ವಯಂಚಾಲಿತ ಮಗ್ಗ ಹಾಕಿದ್ದರು, ಉತ್ಪಾದನೆ ಏರಲೊಲ್ಲದು. ರೈಸ್ ಶೆಡ್ಡಿನೊಳಗೆ ನಿಂತು ನೋಡಿದರು. 224 ಮಗ್ಗ, 29 ಜನ, 12 ಬಗೆಯ ಕೆಲಸ. ನೇಕಾರನಿಗೆ 24 ಅಥವಾ 32 ಮಗ್ಗ, ಮಗ್ಗದ ಬ್ಯಾಟರಿಗೆ ನೂಲಿನ ಉರುಳೆ ತುಂಬುವವನಿಗೆ 40–50, ಕಡಿದ ಎಳೆ ಕೂಡಿಸುವವನಿಗೆ 60–80, ಮಗ್ಗ ಸರಿಪಡಿಸುವ ಜಾಬರನಿಗೆ 112. ಯಾರ ಪಾಲಿನ ಮಗ್ಗವೂ ಇನ್ನೊಬ್ಬರ ಪಾಲಿನೊಂದಿಗೆ ಹೊಂದುವುದಿಲ್ಲ. ಒಂದು ಮಗ್ಗ ನಿಂತರೆ ಯಾರಿಗೆ ಹೇಳಬೇಕು, ಅವನು ಆಗ ಯಾರ ಮಗ್ಗದ ಬಳಿ ಇರುತ್ತಾನೆ? ಎಲ್ಲರೂ ದುಡಿಯುತ್ತಿದ್ದರು, ಯಾರೂ ಜೊತೆಗಿರಲಿಲ್ಲ.

64 ಮಗ್ಗಕ್ಕೆ ಏಳು ಜನರ ಒಂದೊಂದು ತಂಡ ಮಾಡಿದರೆ ಹೇಗೆ ಎಂಬ ಸಲಹೆ ಮೇಲ್ವಿಚಾರಕರ ಕಿವಿಗೆ ಬಿತ್ತು, ಅವರಿಂದ ಕೆಲಸಗಾರರಿಗೆ ಹೋಯಿತು. ಆಡಳಿತ ಯೋಜನೆ ಬರೆದು ಮುಗಿಸುವಷ್ಟರಲ್ಲಿ ಕೆಲಸಗಾರರು ತಾವೇ ತಂಡ ಕಟ್ಟಿಕೊಂಡಿದ್ದರು. ಯಾರ ಜೊತೆ ಯಾರು ಎಂಬುದನ್ನು ಅವರೇ ಆರಿಸಿದರು.

ಶೇ 80ರ ಆಸುಪಾಸಿನಲ್ಲಿದ್ದ ದಕ್ಷತೆ 95ಕ್ಕೆ ಏರಿತು. ಶೇ 32ರಷ್ಟು ಬಟ್ಟೆಯಲ್ಲಿ ಕಾಣುತ್ತಿದ್ದ ದೋಷ 20ಕ್ಕೆ ಇಳಿಯಿತು. ಯಂತ್ರ ಅದೇ, ಜನ ಅವರೇ.

ಈ ಪ್ರಯೋಗ ಜಗತ್ತಿನ ಆಡಳಿತ ಶಾಸ್ತ್ರದ ಪುಸ್ತಕಗಳಿಗೆ ಸೇರಿತು. ಊರಿನ ಉಳಿದ ಗಿರಣಿಗಳು ಅದನ್ನು ಎತ್ತಿಕೊಂಡಂತೆ ಕಾಣುವುದಿಲ್ಲ. 1970ರಲ್ಲಿ ಅದೇ ಟ್ಯಾವಿಸ್ಟಾಕ್ ಸಂಸ್ಥೆಯ ಎರಿಕ್ ಮಿಲ್ಲರ್ ಬಂದು ನೋಡಿದಾಗ ಒಂದು ಶೆಡ್ಡಿನಲ್ಲಿ ತಂಡ ಪದ್ಧತಿ ಹದಿನೇಳು ವರ್ಷದ ನಂತರವೂ ಹಾಗೇ ಇತ್ತು, ಉಳಿದೆಡೆ ಸವೆದುಹೋಗಿತ್ತು.

ಗೌತಮರ ತಮ್ಮ ವಿಕ್ರಮ್ ಸಾರಾಭಾಯಿ ಮತ್ತು ಗಾಂಧಿಯ ಎದುರು ಪಂಚರಾಗಿದ್ದ ಅದೇ ಕಸ್ತೂರಭಾಯಿ ಸೇರಿ 1961ರಲ್ಲಿ ಐಐಎಂ ಅಹಮದಾಬಾದ್ ಕಟ್ಟಿದರು. ವಸ್ತ್ರಾಪುರದ ಆ ಕ್ಯಾಂಪಸ್ಸಿನಲ್ಲಿ ಲೂಯಿ ಕಾಹ್ನ್‌ನ ಇಟ್ಟಿಗೆ ಕಮಾನುಗಳ ಮುಂದೆ ಫೋಟೊ ತೆಗೆಸಿಕೊಳ್ಳದೆ ಯಾರೂ ಬರುವುದಿಲ್ಲ. ದೇಶದ ಮ್ಯಾನೇಜರುಗಳನ್ನು ತಯಾರಿಸುವ ಸಂಸ್ಥೆಗೆ ಗಿರಣಿ ಮನೆತನಗಳು ಬಂಡವಾಳ ಹಾಕಿದವು. ಕಾರ್ಮಿಕ ಪ್ರತಿನಿಧಿಗಳನ್ನು ತಯಾರಿಸಲು ಅಂಥ ಕಮಾನು ಯಾರೂ ಕಟ್ಟಲಿಲ್ಲ.

ಎದುರಿಗೆ ಕೂರುವವರೇ ಇಲ್ಲ

1980ರ ದಶಕದಲ್ಲಿ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಹಳೇ ಯಂತ್ರ, ಪಾಲಿಸ್ಟರ್ ಬಟ್ಟೆ, ಪವರ್‌ಲೂಮಿನ ಪೈಪೋಟಿ, ಲಾಭವನ್ನು ಬೇರೆಡೆ ಹೂಡಿದ ಧಣಿಗಳು – ಕಾರಣ ಹಲವು. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಕ್ಯಾಲಿಕೊ ಕೂಡ ಹೋಯಿತು. ಪಂಚಾಯ್ತಿಯಲ್ಲಿ ಪಳಗಿದ ಸಂಘಕ್ಕೆ, ಮಾಲೀಕನೇ ಎದ್ದುಹೋದ ಮೇಲೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಬಾಕಿ ಹಣಕ್ಕಾಗಿ ಕಾರ್ಮಿಕರು ವರ್ಷಗಟ್ಟಲೆ ಕಾದರು. ಅವರ ಪಾಡನ್ನು ಡಚ್ ಸಮಾಜಶಾಸ್ತ್ರಜ್ಞ ಯಾನ್ ಬ್ರೆಮನ್ ಚಾಳಿನಿಂದ ಚಾಳಿಗೆ ಅಲೆದು ದಾಖಲಿಸಿದರು.

ಎದುರುಗಡೆ ಯಾರೂ ಇಲ್ಲದ ಈ ಸಮಸ್ಯೆಯನ್ನು ಮೊದಲೇ ಕಂಡವರು ಅದೇ ಸಂಘದ ಮಹಿಳಾ ವಿಭಾಗದಲ್ಲಿದ್ದ ಇಳಾ ಭಟ್. ಬಟ್ಟೆ ಮಾರುಕಟ್ಟೆಯಲ್ಲಿ ತಲೆಹೊರೆ ಹೊರುವ ಹೆಂಗಸರಿಗಾಗಿ 'ಸೇವಾ' ಯೂನಿಯನ್ ನೋಂದಾಯಿಸಲು ಹೋದಾಗ, ನಿಮಗೆ ಮಾಲೀಕನೇ ಇಲ್ಲವಲ್ಲ, ಚೌಕಾಸಿ ಯಾರ ಜೊತೆ ಎಂಬ ತಕರಾರು ಬಂತು. ಹೋರಾಡಿ 1972ರಲ್ಲಿ ನೋಂದಣಿ ಪಡೆದರು. 1981ರ ಮೀಸಲಾತಿ ಗಲಭೆಯಲ್ಲಿ ದಲಿತರ ಪರ ನಿಂತದ್ದಕ್ಕೆ ತಾಯಿ ಸಂಘವೇ ಅವರನ್ನು ಹೊರಹಾಕಿತು.

ಸೂರತ್ತಿನಲ್ಲಿ ಮೇಜಿನ ಮಾತೇ ಬೇಡ. ಅಲ್ಲಿನ ಪವರ್‌ಲೂಮ್ ಶೆಡ್ಡುಗಳಲ್ಲಿ ಒಡಿಶಾದ ಗಂಜಾಂ ಜಿಲ್ಲೆಯಿಂದ ಬಂದವರು ಹನ್ನೆರಡು ಗಂಟೆಯ ಪಾಳಿಯಲ್ಲಿ ಮೀಟರ್ ಲೆಕ್ಕಕ್ಕೆ ದುಡಿಯುತ್ತಾರೆ. ವಜ್ರ ಉಜ್ಜುವವರದು ಹರಳಿನ ಲೆಕ್ಕ. ಬೇಡಿಕೆ ಕುಸಿದು ಕೂಲಿ ಇಳಿದಾಗ, 2025ರ ಮಾರ್ಚ್ ಕೊನೆಯಲ್ಲಿ ವಜ್ರ ಕಾರ್ಮಿಕರ ಯೂನಿಯನ್ ಮುಷ್ಕರಕ್ಕೆ ಕರೆ ಕೊಟ್ಟಿತು.

ಅಹಮದಾಬಾದಿನ ಪಕ್ಕದ ಸಾಣಂದಿನಲ್ಲಿ ಹೊಸ ತಲೆಮಾರಿನ ಕಾರ್ಖಾನೆಗಳಿವೆ. 2016ರ ಫೆಬ್ರುವರಿಯಲ್ಲಿ ಟಾಟಾ ನ್ಯಾನೊ ಘಟಕದಲ್ಲಿ 28 ಕಾರ್ಮಿಕರ ಅಮಾನತಿನಿಂದ ಎದ್ದ ಮುಷ್ಕರ ಸುಮಾರು ಒಂದು ತಿಂಗಳು ನಡೆಯಿತು. ನಮ್ಮ ಬಿಡದಿಯ ಟೊಯೋಟಾ ಕಾರ್ಖಾನೆಯ ನೆನಪಿದ್ದವರಿಗೆ ಈ ಚಿತ್ರ ಹೊಸದಲ್ಲ. 2020ರ ನವೆಂಬರಿನಲ್ಲಿ ಒಬ್ಬ ಯೂನಿಯನ್ ಪದಾಧಿಕಾರಿಯ ಅಮಾನತು, ಕೆಲಸದ ಹೊರೆಯ ಜಗಳ, ಮುಷ್ಕರ, ಲಾಕ್‌ಔಟ್, ಎರಡನ್ನೂ ನಿಷೇಧಿಸಿದ ಸರ್ಕಾರಿ ಆದೇಶ, ಆದರೂ 2021ರ ಮಾರ್ಚಿನ ತನಕ ಎಳೆದ ಹಗ್ಗ. ಎರಡೂ ಕಡೆ ಕಿಡಿ ಹೊತ್ತಿದ್ದು ಸಂಬಳಕ್ಕಲ್ಲ, ಶಿಸ್ತುಕ್ರಮಕ್ಕೆ. ಪ್ರತಿ ಖಾತೆಯ ಪ್ರತಿನಿಧಿ, ದೂರಿನ ಪುಸ್ತಕ, ಗಿರಣಿಗೇ ಬರುವ ಇನ್‌ಸ್ಪೆಕ್ಟರ್ – ಆ ಹಳೇ ಮೆಟ್ಟಿಲುಗಳು ಇದ್ದದ್ದೇ ಇಂಥ ಕಿಡಿ ಆರಿಸಲಿಕ್ಕೆ.

[ಹೊಸ ಸಂಹಿತೆಯಲ್ಲಿ ಏನಿದೆ?]
*ಕೈಗಾರಿಕಾ ಬಾಂಧವ್ಯ ಸಂಹಿತೆ 2020 ಜಾರಿಗೆ ಬಂದದ್ದು 2025ರ ನವೆಂಬರ್ 21ರಂದು.*
*ಕಾರ್ಖಾನೆಯಲ್ಲಿ ಹಲವು ಯೂನಿಯನ್ ಇದ್ದರೆ ಶೇ 51 ಕಾರ್ಮಿಕರ ಬೆಂಬಲ ಇರುವುದೇ ಏಕೈಕ ಮಾತುಕತೆ ಯೂನಿಯನ್.*
*ಯಾರಿಗೂ ಅಷ್ಟಿಲ್ಲವೇ? ಕನಿಷ್ಠ ಶೇ 20 ಬೆಂಬಲವಿರುವ ಯೂನಿಯನ್ನುಗಳ ಮಾತುಕತೆ ಮಂಡಳಿ.*
*ಎಲ್ಲ ಉದ್ದಿಮೆಗಳಲ್ಲೂ ಮುಷ್ಕರಕ್ಕೆ 14 ದಿನ ಮೊದಲು ನೋಟಿಸ್ ಕೊಡಬೇಕು.*
*ಕಾರ್ಖಾನೆ ಮುಚ್ಚಲು ಸರ್ಕಾರದ ಅನುಮತಿ ಬೇಕಿದ್ದ ಮಿತಿ 100 ಕಾರ್ಮಿಕರಿಂದ 300ಕ್ಕೆ ಏರಿದೆ.*

ಮಾಲೀಕರು ಯಾವ ಯೂನಿಯನ್ ಜೊತೆ ಕೂರಬೇಕೆಂದು ದೇಶದ ಕಾನೂನು ಹೀಗೆ ಅಂಕಿ ಹಾಕಿ ಹೇಳಿರುವುದು ಸಣ್ಣ ಸಂಗತಿಯಲ್ಲ. ಕೇಂದ್ರದ ಹಳೇ ಕಾಯ್ದೆಗಳು ಯೂನಿಯನ್ ಕಟ್ಟಲು ಬಿಟ್ಟವೇ ಹೊರತು ಅದನ್ನು ಮಾತಿಗೆ ಕರೆಯಲೇಬೇಕೆಂದು ಹೇಳಿರಲಿಲ್ಲ. ಗುಜರಾತ್, ಮಹಾರಾಷ್ಟ್ರದಂಥ ಕೆಲವೇ ರಾಜ್ಯಗಳಿಗೆ ಆ ಅನುಭವ ಇತ್ತು. ಈಗ ಎಲ್ಲರಿಗೂ ಅದು ಬಂದಿದೆ, ಮುಂಬೈ ಕಂಡ ಅಪಾಯದ ಸಮೇತ.

ಶೇ 51ರ ಲೆಕ್ಕ ಹಾಕುವುದು ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿ ಹೆಸರಿರುವವರದು. ಸಾಣಂದಿನಲ್ಲಾಗಲಿ ಬಿಡದಿಯಲ್ಲಾಗಲಿ ಅದೇ ಸಾಲಿನಲ್ಲಿ, ಅದೇ ಸಮವಸ್ತ್ರದಲ್ಲಿ ನಿಂತು ಬೋಲ್ಟ್ ಬಿಗಿಯುವ ಗುತ್ತಿಗೆಯವನ ಹೆಸರು ಇರುವುದು ಗುತ್ತಿಗೆದಾರನ ಪುಸ್ತಕದಲ್ಲಿ.